‘ಈ ಲೆಕ್ಕ ನಿನ್ನ ಕೈಲಾಗುತ್ತಾ?’: ಗಣಿತದ ಆತ್ಮವಿಶ್ವಾಸ ಅಳೆಯುವ ಐದು ಪ್ರಶ್ನಾವಳಿಗಳ ವಿಮರ್ಶೆ

‘ಗಣಿತ ನಿನಗೆ ಚೆನ್ನಾಗಿ ಬರುತ್ತಾ?’ ಎಂದು ಕೇಳಿದರೆ ವಿದ್ಯಾರ್ಥಿ ಕಳೆದ ಪರೀಕ್ಷೆಯ ಅಂಕ ನೆನಪಿಸಿಕೊಂಡು ಉತ್ತರ ಕೊಡುತ್ತಾನೆ. ಹಲಗೆಯ ಮೇಲೆ ಒಂದು ಲೆಕ್ಕ ಬರೆದು ‘ಇದು ನಿನ್ನ ಕೈಲಾಗುತ್ತಾ?’ ಎಂದರೆ ಆ ಲೆಕ್ಕವನ್ನೇ ನೋಡಿ ಉತ್ತರ ಕೊಡುತ್ತಾನೆ. ಮೊದಲನೆಯದು ಹಳೆಯ ಸುದ್ದಿ. ಎರಡನೆಯದರಿಂದ ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎನ್ನುವುದು ಗೊತ್ತಾಗುತ್ತದೆ. ಬಳಕೆಯಲ್ಲಿರುವ ಪ್ರಶ್ನಾವಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಗುಣ, ದೋಷ ಎರಡೂ ಬಹುಮಟ್ಟಿಗೆ ಈ ಒಂದು ವ್ಯತ್ಯಾಸಕ್ಕೇ ಬಂದು ನಿಲ್ಲುತ್ತವೆ.

ಮನಶ್ಶಾಸ್ತ್ರದಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿದೆ. ‘ನಾನು ಗಣಿತದಲ್ಲಿ ಎಂಥವನು’ ಎಂಬ ಒಟ್ಟು ಚಿತ್ರ ಸ್ವಪರಿಕಲ್ಪನೆ. ‘ಈ ಕೆಲಸ ನಾನು ಮಾಡಬಲ್ಲೆ’ ಎಂಬುದು ಸ್ವಸಾಮರ್ಥ್ಯದ ನಂಬಿಕೆ. ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಸ್ವಪರಿಕಲ್ಪನೆಯಲ್ಲಿ ಹೋಲಿಕೆ ಬೆರೆತಿರುತ್ತದೆ: ಪಕ್ಕದ ಬೆಂಚಿನವನಿಗಿಂತ ನಾನು ಹೇಗೆ, ಭಾಷೆಗಿಂತ ಗಣಿತ ನನಗೆ ಸುಲಭವೋ ಕಷ್ಟವೋ, ಇತ್ಯಾದಿ. ಸ್ವಸಾಮರ್ಥ್ಯದ ಪ್ರಶ್ನೆಯಲ್ಲಿ ಇರುವುದು ವಿದ್ಯಾರ್ಥಿ ಮತ್ತು ಲೆಕ್ಕ, ಇಬ್ಬರೇ. ಇಷ್ಟು ತಲೆಯಲ್ಲಿಟ್ಟುಕೊಂಡರೆ ಯಾವ ಪ್ರಶ್ನಾವಳಿ ಏನನ್ನು ಅಳೆಯುತ್ತಿದೆ ಎಂದು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು. ಮೇಲೆ ಬರೆದಿರುವ ಹೆಸರನ್ನು ಮಾತ್ರ ನಂಬಬೇಡಿ. ‘ಆತ್ಮವಿಶ್ವಾಸದ ಮಾಪಕ’ ಎಂಬ ಹಣೆಪಟ್ಟಿಯ ಕೆಳಗೆ ಆತಂಕ, ಆಸಕ್ತಿ, ಅಂಕದ ನಿರೀಕ್ಷೆ ಎಲ್ಲವೂ ಒಂದೇ ಚೀಲದಲ್ಲಿ ತುಂಬಿರುವುದುಂಟು.

ಹಳೆಯದರಿಂದ ಶುರುಮಾಡೋಣ. ಎಲಿಜಬೆತ್ ಫೆನೆಮಾ ಮತ್ತು ಜೂಲಿಯಾ ಶೆರ್ಮನ್ 1976ರಲ್ಲಿ ಪ್ರಕಟಿಸಿದ ಗಣಿತ ಮನೋಭಾವ ಮಾಪಕಗಳು ಒಟ್ಟು ಒಂಬತ್ತು. ಪ್ರತಿಯೊಂದರಲ್ಲಿ 12 ಹೇಳಿಕೆ, ಅವುಗಳಲ್ಲಿ ಆರು ಸಕಾರಾತ್ಮಕ, ಆರು ನಕಾರಾತ್ಮಕ; ಎಲ್ಲ ಸೇರಿ 108. ಆತ್ಮವಿಶ್ವಾಸಕ್ಕೆ ಮೀಸಲಾದ ಭಾಗ ಇವುಗಳಲ್ಲಿ ಒಂದು. ಗಣಿತ ಗಂಡುಮಕ್ಕಳ ವಿಷಯ ಎಂಬ ಭಾವನೆಯನ್ನು ಅಳೆಯಲೂ ಪ್ರತ್ಯೇಕ ಮಾಪಕವಿದೆ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಈಗಲೂ ಕೆಲಸಕ್ಕೆ ಬರುವಂಥದ್ದು. ತೊಂದರೆ ಇರುವುದು ಆತ್ಮವಿಶ್ವಾಸದ 12 ಹೇಳಿಕೆಗಳಲ್ಲಿಯೇ. ಅವು ಲೆಕ್ಕದ ಬಗ್ಗೆ ಮಾತಾಡುವುದಿಲ್ಲ, ‘ಗಣಿತ’ ಎಂಬ ಇಡೀ ವಿಷಯದ ಬಗ್ಗೆ ಮಾತಾಡುತ್ತವೆ. ಜ್ಯಾಮಿತಿಯಲ್ಲಿ ಗಟ್ಟಿಯಾಗಿದ್ದು ಭಿನ್ನರಾಶಿ ಕಂಡರೆ ಕೈ ನಡುಗುವ ವಿದ್ಯಾರ್ಥಿ ಇಲ್ಲಿ ಯಾವ ಗುರುತು ಹಾಕಬೇಕು? ಸರಾಸರಿ ತೆಗೆದು ಮಧ್ಯದಲ್ಲಿ ಹಾಕುತ್ತಾನೆ. ಆ ಮಧ್ಯದ ಗುರುತಿನಿಂದ ಶಿಕ್ಷಕರಿಗೆ ಯಾವ ಸುಳಿವೂ ಸಿಗುವುದಿಲ್ಲ. ಇದೇ ಮಾಲೆಯ ಆತಂಕದ ಮಾಪಕದ (ಇಲ್ಲಿ ಆತಂಕ ಕಡಿಮೆಯಿದ್ದಷ್ಟೂ ಅಂಕ ಹೆಚ್ಚು) ಫಲಿತಾಂಶವೂ ಆತ್ಮವಿಶ್ವಾಸದ ಮಾಪಕದ ಫಲಿತಾಂಶವೂ ಬಹುತೇಕ ಒಟ್ಟಿಗೇ ಏರಿಳಿಯುತ್ತವೆ. ಎರಡನ್ನೂ ಕೊಟ್ಟು ಅರ್ಧ ಗಂಟೆ ಕಳೆಯುವ ಬದಲು ಒಂದನ್ನು ಕೊಟ್ಟರೆ ಸಾಕು.

ನಕಾರಾತ್ಮಕ ಹೇಳಿಕೆಗಳ ಬಗ್ಗೆ ಇಲ್ಲೇ ಒಂದು ಮಾತು. ಯಾರೂ ಕಣ್ಣುಮುಚ್ಚಿ ಎಲ್ಲದಕ್ಕೂ ‘ಹೌದು’ ಎನ್ನದಿರಲಿ ಎಂದು ಅವನ್ನು ಸೇರಿಸಿರುತ್ತಾರೆ. ಉದ್ದೇಶ ಸರಿ. ಆದರೆ ಕನ್ನಡಕ್ಕೆ ತಂದಾಗ ‘ಕಷ್ಟದ ಗಣಿತ ನನ್ನಿಂದಾಗುವುದಿಲ್ಲ’ ಎಂಬ ವಾಕ್ಯಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವುದು ಎರಡು ‘ಇಲ್ಲ’ಗಳ ಕಸರತ್ತಾಗುತ್ತದೆ. 12 ವರ್ಷದೊಳಗಿನ ಮಕ್ಕಳಲ್ಲಿ ಹಲವರು ಇಲ್ಲಿ ತಪ್ಪುವುದು ಗಣಿತದಿಂದಲ್ಲ, ವಾಕ್ಯರಚನೆಯಿಂದ. ಸಣ್ಣವರಿಗೆ ಕೊಡುವ ಹಾಳೆಯಲ್ಲಿ ಈ ಬಗೆಯ ಹೇಳಿಕೆಗಳನ್ನು ಬಿಟ್ಟರೆ ನಷ್ಟವಿಲ್ಲ. ಬಿಡದಿದ್ದರೆ ಲೆಕ್ಕ ಹಾಕುವಾಗ ಅಂಕ ತಿರುಗಿಸುವುದನ್ನು ಮರೆಯಬೇಡಿ: 1ರಿಂದ 5ರವರೆಗೆ ಗುರುತು ಹಾಕುವ ಮಾಪಕದಲ್ಲಿ 6ರಿಂದ ಕಳೆಯಬೇಕು, ಆಗ 1 ಹೋಗಿ 5 ಆಗುತ್ತದೆ. ತಿರುಗಿಸದೆ ಕೂಡಿದರೆ ಇಡೀ ತರಗತಿ ನಡುಮಧ್ಯಕ್ಕೆ ಬಂದು ಕೂರುತ್ತದೆ. ಅದನ್ನು ನೋಡಿ ‘ನಮ್ಮ ಮಕ್ಕಳೆಲ್ಲ ಒಂದೇ ತರಹ’ ಎಂದು ಬರೆದ ವರದಿಗಳಿಗೇನೂ ಕೊರತೆಯಿಲ್ಲ.

ಎರಡನೆಯದು ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್ 1983ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆಂದು ರೂಪಿಸಿದ ಗಣಿತ ಸ್ವಸಾಮರ್ಥ್ಯ ಮಾಪಕ. 52 ಅಂಶ, ಮೂರು ಭಾಗ: ದಿನನಿತ್ಯದ 18 ಕೆಲಸಗಳು, 16 ಕಾಲೇಜು ಕೋರ್ಸುಗಳು, 18 ಲೆಕ್ಕಗಳು. ಗುರುತು 0ಯಿಂದ 9ರವರೆಗೆ. ಮುಂದೆ 1993ರಲ್ಲಿ ಲೆಕ್ಕಗಳ ಭಾಗವನ್ನು ಕೈಬಿಟ್ಟು 34 ಅಂಶಗಳಿಗೆ ಇಳಿಸಿದರು. ನಮ್ಮ ದೃಷ್ಟಿಯಲ್ಲಿ ಬಿಟ್ಟದ್ದೇ ಉಳಿಯಬೇಕಾಗಿತ್ತು. ಯಾಕೆಂದರೆ ಇದೇ ಮಾಪಕದ ಮೂರು ಭಾಗಗಳನ್ನು ಎದುರುಬದುರು ಇಟ್ಟು ಫ್ರ್ಯಾಂಕ್ ಪಜಾರೆಸ್ ಮತ್ತು ಡೇವಿಡ್ ಮಿಲ್ಲರ್ 1995ರಲ್ಲಿ 391 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಇದು: ಲೆಕ್ಕ ಬಿಡಿಸುವ ಸಾಮರ್ಥ್ಯವನ್ನು ಚೆನ್ನಾಗಿ ಮುನ್ಸೂಚಿಸಿದ್ದು ಆ ಲೆಕ್ಕಗಳ ಬಗೆಗಿನ ನಂಬಿಕೆ, ಗಣಿತ ಬೇಕಾಗುವ ಪದವಿಯನ್ನು ಆರಿಸಿಕೊಳ್ಳುವುದನ್ನು ಚೆನ್ನಾಗಿ ಮುನ್ಸೂಚಿಸಿದ್ದು ಕೋರ್ಸುಗಳ ಬಗೆಗಿನ ನಂಬಿಕೆ. ಏನನ್ನು ಕೇಳುತ್ತೀರೋ ಅದರ ಬಗ್ಗೆಯೇ ಉತ್ತರ ಸಿಗುತ್ತದೆ. ಅದಕ್ಕೂ ಹಿಂದಿನ ವರ್ಷ 350 ಪದವಿ ವಿದ್ಯಾರ್ಥಿಗಳ ಮೇಲೆ ಇವರೇ ನಡೆಸಿದ ಅಧ್ಯಯನದಲ್ಲೂ ಲೆಕ್ಕ ಬಿಡಿಸುವ ವಿಷಯ ಬಂದಾಗ ಸ್ವಸಾಮರ್ಥ್ಯದ ನಂಬಿಕೆ ಸ್ವಪರಿಕಲ್ಪನೆಯನ್ನು ಹಿಂದಿಕ್ಕಿತ್ತು.

ಹಾಗಾಗಿ ಬೆಟ್ಜ್–ಹ್ಯಾಕೆಟ್ ಮಾಪಕವನ್ನು ವೃತ್ತಿ ಸಲಹೆಗೆ ಬಳಸಬಹುದು, ತರಗತಿಗೆ ಬೇಡ. ಕೋರ್ಸುಗಳ ಪಟ್ಟಿ ಒಂದು ದೇಶದ ಕಾಲೇಜು ವ್ಯವಸ್ಥೆಗೆ ಅಂಟಿಕೊಂಡಿದೆ. ದಿನನಿತ್ಯದ ಕೆಲಸಗಳ ಪಟ್ಟಿಯಲ್ಲಿ ಪರದೆ ಹೊಲಿಸಲು ಎಷ್ಟು ಬಟ್ಟೆ ಬೇಕು, ಚೆಕ್‌ಬುಕ್ಕಿನ ಜಮಾ-ಖರ್ಚು ತಪ್ಪಿಲ್ಲದೆ ಹೊಂದಿಸುವುದು ಮುಂತಾದವು ಬರುತ್ತವೆ. ಚೆಕ್‌ಬುಕ್ಕನ್ನೇ ನೋಡದ ಹುಡುಗಿ ಅಲ್ಲಿ 2 ಎಂದು ಬರೆದರೆ ಅದು ಗಣಿತದ ಅಪನಂಬಿಕೆಯೋ ಚೆಕ್‌ಬುಕ್ಕಿನ ಅಪರಿಚಯವೋ ಹೇಳಲಾಗದು.

ಮೂರನೆಯದು ಎಂಎಸ್‌ಎಲ್‌ಕ್ಯೂ. ಪಾಲ್ ಪಿಂಟ್ರಿಚ್ ಮತ್ತು ಸಂಗಡಿಗರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಹೊರತಂದ ಇದು (ಪೂರ್ಣ ಹೆಸರು ‘ಮೋಟಿವೇಟೆಡ್ ಸ್ಟ್ರಾಟಜೀಸ್ ಫಾರ್ ಲರ್ನಿಂಗ್ ಕ್ವೆಶ್ಚನೇರ್’) 81 ಅಂಶಗಳ ದೊಡ್ಡ ಪ್ರಶ್ನಾವಳಿ. 31 ಪ್ರೇರಣೆಗೆ, 50 ಕಲಿಕೆಯ ತಂತ್ರಗಳಿಗೆ. ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಬಳಸಬಹುದಾದ್ದು ಇದರ ದೊಡ್ಡ ಅನುಕೂಲ. ಸ್ವಸಾಮರ್ಥ್ಯದ ಭಾಗದಲ್ಲಿ ಎಂಟು ಹೇಳಿಕೆಗಳು, 1ರಿಂದ 7ರವರೆಗೆ ಗುರುತು, ಐದೇ ನಿಮಿಷದ ಕೆಲಸ. ಇದರ ಆಂತರಿಕ ಹೊಂದಾಣಿಕೆಯ ಸೂಚ್ಯಂಕ, ಅಂದರೆ ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂಬುದು, ಗರಿಷ್ಠ 1ಕ್ಕೆ 0.93 ಎಂದು ಕೈಪಿಡಿ ಹೇಳುತ್ತದೆ, ಹಲವರು ಅದನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ ಎಂಟು ಹೇಳಿಕೆಗಳೂ ಒಂದನ್ನೇ ಸುತ್ತಿಬಳಸಿ ಕೇಳಿದರೂ ಸೂಚ್ಯಂಕ ಮೇಲೇರುತ್ತದೆ. ಇಲ್ಲಿ ಆಗಿರುವುದು ಸ್ವಲ್ಪ ಮಟ್ಟಿಗೆ ಅದೇ. ಅದಕ್ಕಿಂತ ದೊಡ್ಡ ದೋಷ, ಒಳ್ಳೆಯ ಅಂಕ ಬರುತ್ತದೆಂಬ ನಿರೀಕ್ಷೆಯೂ ಇದರೊಳಗೆ ಸೇರಿದೆ. ಅಂಕ ಬರುವುದು ಶಿಕ್ಷಕರ ಉದಾರತೆ, ಪ್ರಶ್ನೆಪತ್ರಿಕೆಯ ಮಟ್ಟ, ಅದೃಷ್ಟ ಇವುಗಳ ಮೇಲೂ ನಿಂತಿರುತ್ತದೆ. ‘ಮಾಡಬಲ್ಲೆ’ ಮತ್ತು ‘ಸಿಗುತ್ತದೆ’ ಎರಡನ್ನೂ ಕೂಡಿ ಒಂದು ಸಂಖ್ಯೆ ಮಾಡುವುದು ಸೇರನ್ನೂ ಮೊಳವನ್ನೂ ಕೂಡಿದ ಹಾಗೆ. ಒಂದು ಕೋರ್ಸಿನ ಆರಂಭದಲ್ಲಿ, ಕೊನೆಯಲ್ಲಿ ಒಟ್ಟಾರೆ ಮನಸ್ಥಿತಿ ತಿಳಿಯಬೇಕೆಂದಿದ್ದರೆ ಸಾಕು. ಅದಕ್ಕಿಂತ ಹೆಚ್ಚನ್ನು ಇದರಿಂದ ನಿರೀಕ್ಷಿಸಬಾರದು.

ಈಗ ಪೀಸಾದ ಎಂಟು ಪ್ರಶ್ನೆಗಳು. ನಮ್ಮ ಆಯ್ಕೆ ಇದೇ, ಕೆಲವು ತಿದ್ದುಪಡಿಗಳೊಂದಿಗೆ.

15 ವರ್ಷದ ವಿದ್ಯಾರ್ಥಿಗಳಿಗೆ ನಡೆಯುವ ಈ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಗಣಿತ ಮುಖ್ಯ ವಿಷಯವಾಗಿದ್ದ 2003 ಮತ್ತು 2012ರ ಸುತ್ತುಗಳಲ್ಲಿ ಒಂದೇ ಎಂಟು ಅಂಶಗಳನ್ನು ಕೇಳಲಾಗಿತ್ತು. ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣದ ಹೊತ್ತು ಲೆಕ್ಕ ಹಾಕುವುದು; ಟಿವಿಗೆ 30 ಶೇಕಡಾ ರಿಯಾಯಿತಿ ಕೊಟ್ಟರೆ ಎಷ್ಟು ಅಗ್ಗವಾಗುತ್ತದೆಂದು ಕಂಡುಹಿಡಿಯುವುದು; ನೆಲಕ್ಕೆ ಎಷ್ಟು ಚದರ ಮೀಟರ್ ಟೈಲ್ಸ್ ಬೇಕೆಂದು ಹೇಳುವುದು; ಪತ್ರಿಕೆಯಲ್ಲಿ ಬರುವ ರೇಖಾನಕ್ಷೆಗಳನ್ನು (ಗ್ರಾಫ್) ಅರ್ಥಮಾಡಿಕೊಳ್ಳುವುದು; 1:10,000 ಅಳತೆಯ ಭೂಪಟದಲ್ಲಿ ಎರಡು ಸ್ಥಳಗಳ ನಿಜವಾದ ದೂರ ಕಂಡುಹಿಡಿಯುವುದು; ಕಾರಿನ ಇಂಧನ ಬಳಕೆಯ ದರ; ಜೊತೆಗೆ ಎರಡು ಸಮೀಕರಣಗಳು, 3ಎಕ್ಸ್ + 5 = 17 ಮತ್ತು 2(ಎಕ್ಸ್ + 3) = (ಎಕ್ಸ್ + 3)(ಎಕ್ಸ್ − 3). ಪ್ರತಿಯೊಂದಕ್ಕೂ ‘ತುಂಬಾ ವಿಶ್ವಾಸವಿದೆ’ ಎಂಬಲ್ಲಿಂದ ‘ಸ್ವಲ್ಪವೂ ಇಲ್ಲ’ ಎಂಬವರೆಗೆ ನಾಲ್ಕು ಆಯ್ಕೆ.

ಇದರ ಬಲ ಇರುವುದು ಲೆಕ್ಕವನ್ನು ಕಣ್ಣಮುಂದೆ ತರುವುದರಲ್ಲಿ. ‘ಗಣಿತದಲ್ಲಿ ನಾನು ಜಾಣ’ ಎಂದು ಬರೆಯುವ ವಿದ್ಯಾರ್ಥಿ ಆ ಎರಡನೆಯ ಸಮೀಕರಣದ ಮುಂದೆ ಒಂದು ಕ್ಷಣ ನಿಲ್ಲುತ್ತಾನೆ. 2012ರ ಫಲಿತಾಂಶದಲ್ಲಿ ಈ ಎಂಟು ಉತ್ತರಗಳಿಂದ ಕಟ್ಟಿದ ಸೂಚ್ಯಂಕ ಒಂದು ಘಟಕ ಏರಿದಲ್ಲಿ ಗಣಿತದ ಅಂಕ ಸರಾಸರಿ 49ರಷ್ಟು ಹೆಚ್ಚಿತ್ತು. ಅಂಕಗಳ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅಂಕಗಳು ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬುದು) ಸುಮಾರು 100 ಆಗಿರುವ ಅಳತೆಯಲ್ಲಿ ಇದು ಸಣ್ಣದೇನಲ್ಲ. ಒಂದೇ ಮಟ್ಟದ ಅಂಕ ಪಡೆದ ಹುಡುಗ-ಹುಡುಗಿಯರನ್ನು ಹೋಲಿಸಿದಾಗಲೂ ಹುಡುಗಿಯರ ನಂಬಿಕೆ ಕಡಿಮೆ ಇರುವುದು ಇದೇ ಮಾಹಿತಿಯಿಂದ ಹೊರಬಿದ್ದ ವಿಷಯ.

ಇನ್ನು ಕೊರತೆಗಳು. ಆ ಎರಡನೆಯ ಸಮೀಕರಣವನ್ನೇ ತೆಗೆದುಕೊಳ್ಳಿ. ಎರಡೂ ಬದಿಯಲ್ಲಿ (ಎಕ್ಸ್ + 3) ಕಂಡ ಕೂಡಲೇ ಹೊಡೆದುಹಾಕಿದರೆ ಎಕ್ಸ್ − 3 = 2 ಉಳಿಯುತ್ತದೆ, ಉತ್ತರ 5. ಎರಡು ಸಾಲಿನಲ್ಲಿ ಮುಗಿಯಿತು. ಆದರೆ −3 ಕೂಡ ಉತ್ತರ. ಹಾಕಿ ನೋಡಿದರೆ ಎರಡೂ ಬದಿ 0. ಹೊಡೆದುಹಾಕುವಾಗ ಅದೂ ಹೊರಟುಹೋಯಿತು. ಹೀಗೆ ಅರ್ಧ ಉತ್ತರ ಬರೆಯುವವನ ವಿಶ್ವಾಸ ಯಾವಾಗಲೂ ಮೇಲೇ ಇರುತ್ತದೆ, ಏಕೆಂದರೆ ಅವನಿಗೆ ದಾರಿ ಸಲೀಸಾಗಿ ಕಂಡಿದೆ. ಎಲ್ಲವನ್ನೂ ಒಂದು ಕಡೆಗೆ ತಂದು ಗುಣಾಕಾರ ಬಿಡಿಸಿ ವರ್ಗಸಮೀಕರಣ ಮಾಡಬೇಕೆಂದು ಗೊತ್ತಿರುವವಳು ಕೆಲಸ ಉದ್ದವೆಂದು ಒಂದು ಮೆಟ್ಟಿಲು ಕೆಳಗೆ ಗುರುತು ಹಾಕುತ್ತಾಳೆ. ಪ್ರಶ್ನಾವಳಿಯೊಂದನ್ನೇ ನೋಡಿದರೆ ಅವನೇ ಮುಂದು. ಪೀಸಾದ ಹಾಳೆ ‘ಇಂಥ ಲೆಕ್ಕ’ ಎಂದು ಕೇಳಿ ಸುಮ್ಮನಾಗುತ್ತದೆ, ಅದೇ ಲೆಕ್ಕವನ್ನು ಬಿಡಿಸಿ ತೋರಿಸು ಎನ್ನುವುದಿಲ್ಲ. ದೊಡ್ಡ ಸಮೀಕ್ಷೆಗೆ ಅಷ್ಟು ಸಾಕಿರಬಹುದು. ಮೂವತ್ತು ಮಕ್ಕಳ ತರಗತಿಗೆ ನಂಬಿಕೆ ಒಂದೇ ಸಾಲದು, ನಂಬಿಕೆಗೂ ಉತ್ತರಕ್ಕೂ ಇರುವ ಅಂತರ ಬೇಕು.

ಇಂಧನ ಬಳಕೆಯ ಪ್ರಶ್ನೆ ಚೆಕ್‌ಬುಕ್ಕಿನ ದೋಷವನ್ನೇ ಹೊತ್ತಿದೆ. ಎಂಟನ್ನೂ ಕೂಡಿ ಒಂದೇ ಸಂಖ್ಯೆ ಮಾಡುವುದರಿಂದ ಇನ್ನೊಂದು ನಷ್ಟ: ಆರು ದಿನಬಳಕೆಯವು, ಎರಡು ಮಾತ್ರ ಬೀಜಗಣಿತ. ಸಮೀಕರಣ ಪಟಪಟನೆ ಬಿಡಿಸಿ ಭೂಪಟದ ಮುಂದೆ ತಡವರಿಸುವವನೂ, ಅಂಗಡಿ ಲೆಕ್ಕದಲ್ಲಿ ಪಳಗಿ ಎಕ್ಸ್ ಕಂಡರೆ ಹೆದರುವವಳೂ ಬೇರೆ ಬೇರೆ ಪಾಠ ಬೇಕಾದವರು. ಎರಡು ಸಾಲಾಗಿ ಕೂಡಿ, ಎರಡು ಸಂಖ್ಯೆ ಬರೆದಿಡಿ.

ಸ್ವಂತ ಹಾಳೆ ಮಾಡಿಕೊಳ್ಳುವ ಬಗೆ

ಪೀಸಾದ ಅಚ್ಚನ್ನು ಇಟ್ಟುಕೊಂಡು, ಅಳತೆಯನ್ನು ಬಂಡೂರಾ 2006ರಲ್ಲಿ ಬರೆದ ಮಾರ್ಗದರ್ಶಿಯಿಂದ ತೆಗೆದುಕೊಂಡರೆ ಒಳ್ಳೆಯ ಹಾಳೆ ಸಿದ್ಧವಾಗುತ್ತದೆ. ಅವರು ಹೇಳುವುದು 0ಯಿಂದ 100ರವರೆಗೆ, ಹತ್ತರ ಮೆಟ್ಟಿಲಿನಲ್ಲಿ. 0 ಎಂದರೆ ಖಂಡಿತ ಆಗದು, 50 ಎಂದರೆ ಆಗಬಹುದೇನೋ, 100 ಎಂದರೆ ಖಂಡಿತ ಆಗುತ್ತದೆ. ಪ್ರಶ್ನೆ ‘ಮಾಡಬಲ್ಲೆಯಾ’ ಎಂದೇ ಇರಬೇಕು, ‘ಮಾಡುತ್ತೀಯಾ’ ಎಂದಿರಬಾರದು. ಎರಡನೆಯದು ಮನಸ್ಸಿದೆಯೇ ಎಂದು ಕೇಳುತ್ತದೆ. ಕನ್ನಡದಲ್ಲಿ ‘ಬಿಡಿಸುವೆಯಾ’ ಎಂಬ ರೂಪ ಎರಡೂ ಅರ್ಥ ಕೊಡುವುದರಿಂದ ಅದನ್ನು ಬಿಡಿ. ‘ನನ್ನಿಂದ ಆಗುತ್ತದೆ’ ಅಥವಾ ‘ಮಾಡಬಲ್ಲೆ’ ಎಂಬುದು ಗೊಂದಲವಿಲ್ಲದ್ದು. ‘ಆತ್ಮವಿಶ್ವಾಸ’ ಎಂಬ ಪದವನ್ನೂ ಹಾಳೆಯ ಮೇಲೆ ಬರೆಯಬೇಡಿ. ಆ ಪದ ಕಂಡ ಕೂಡಲೇ ಒಳ್ಳೆಯ ಗುಣ ತೋರಿಸಬೇಕೆಂದು ಮಕ್ಕಳು ಸಂಖ್ಯೆ ಏರಿಸುತ್ತಾರೆ.

ಹತ್ತು ಲೆಕ್ಕ ಸಾಕು. ಮೂರು ಬಹುಪಾಲು ಎಲ್ಲರಿಗೂ ಬರುವಂಥವು, ನಾಲ್ಕು ಈಗಷ್ಟೇ ಕಲಿಸಿದವು, ಮೂರು ಕಷ್ಟದವು. ಎಲ್ಲವೂ ಸುಲಭವಾದರೆ ಇಡೀ ತರಗತಿ 90ರ ಮೇಲೆ ಕೂರುತ್ತದೆ, ಯಾರನ್ನೂ ಬೇರ್ಪಡಿಸಲಾಗುವುದಿಲ್ಲ. ಮೊದಲು ಗಣಿತವಲ್ಲದ ಒಂದು ಅಭ್ಯಾಸ ಪ್ರಶ್ನೆ ಕೊಡಿ: 5 ಕಿಲೋ ಎತ್ತಬಲ್ಲೆಯಾ, 20 ಕಿಲೋ, 50 ಕಿಲೋ, 100 ಕಿಲೋ? ಬಂಡೂರಾ ಸೂಚಿಸುವುದೂ ಭಾರ ಎತ್ತುವ ಇಂಥದ್ದೇ ಅಭ್ಯಾಸ. ಎಲ್ಲದಕ್ಕೂ 100 ಬರೆದ ಮಗುವಿಗೆ ಅಳತೆ ಅರ್ಥವಾಗಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ, ತಿದ್ದಬಹುದು.

ಆಮೇಲೆ ಒಂದೊಂದೇ ಲೆಕ್ಕವನ್ನು 15ರಿಂದ 20 ಸೆಕೆಂಡು ತೋರಿಸಿ ಮುಚ್ಚಿ. ಓದಲು ಸಾಕಾಗಬೇಕು, ಬಿಡಿಸಲು ಸಾಲಬಾರದು. ಹಾಳೆಯಲ್ಲೇ ಲೆಕ್ಕ ಅಚ್ಚಾಗಿದ್ದರೆ ಚುರುಕಿನ ಮಕ್ಕಳು ಮೂಲೆಯಲ್ಲಿ ಬಿಡಿಸಿ, ಉತ್ತರ ಬಂದ ಮೇಲೆ 100 ಬರೆಯುತ್ತಾರೆ. ಆಗ ನಿಮ್ಮ ಕೈಗೆ ಬರುವುದು ನಂಬಿಕೆಯಲ್ಲ, ಪರೀಕ್ಷೆಯ ಇನ್ನೊಂದು ಪ್ರತಿ. ಹತ್ತಕ್ಕೂ ಗುರುತು ಬಿದ್ದ ಮೇಲೆ ಆ ಹಾಳೆಯನ್ನು ಹಿಂದಕ್ಕೆ ಪಡೆದು, ನಂತರವೇ ಅದೇ ಹತ್ತು ಲೆಕ್ಕಗಳ ಹಾಳೆ ಕೊಡಿ. ಹಿಂದಕ್ಕೆ ಪಡೆಯದಿದ್ದರೆ ಲೆಕ್ಕ ಕಷ್ಟವಾದಾಗ ಹಿಂದಿನ ಗುರುತು ತಿದ್ದುವವರು ಇದ್ದೇ ಇರುತ್ತಾರೆ. ಹೆಸರಿನ ಬದಲು ಸಂಖ್ಯೆ ಬರೆಸಿ. ಉತ್ತರ ಬರೆದು ಮುಗಿಸಿದ ಮೇಲೆ ‘ಇದು ಸರಿಯಾಗಿದೆ ಎಂದು ಎಷ್ಟು ಖಾತ್ರಿ?’ ಎಂದು ಎರಡನೆಯ ಸಲ ಕೇಳಿದರೆ ಇನ್ನೂ ಒಳ್ಳೆಯದು. ಮೊದಲ ಗುರುತಿಗಿಂತ ಎರಡನೆಯದು ಉತ್ತರಕ್ಕೆ ಹತ್ತಿರ ಬಂದಿದ್ದರೆ, ವಿದ್ಯಾರ್ಥಿ ಬಿಡಿಸುತ್ತ ತನ್ನನ್ನು ತಾನೇ ಗಮನಿಸುತ್ತಿದ್ದಾನೆ ಎಂದರ್ಥ.

ಲೆಕ್ಕಾಚಾರ ಸುಲಭ. ಸರಿ ಉತ್ತರಕ್ಕೆ 100, ತಪ್ಪಿಗೆ 0, ಅರ್ಧ ಸರಿಗೆ 50. ಮೇಲಿನ ಸಮೀಕರಣದಲ್ಲಿ ಬರೀ 5 ಬರೆದವನಿಗೆ 50. ಹತ್ತು ನಂಬಿಕೆಗಳ ಸರಾಸರಿಯಿಂದ ಹತ್ತು ಫಲಿತಾಂಶಗಳ ಸರಾಸರಿ ಕಳೆಯಿರಿ. ನಂಬಿಕೆ 78, ಹತ್ತರಲ್ಲಿ ಐದು ಸರಿ ಎಂದರೆ ಫಲಿತಾಂಶ 50, ಅಂತರ +28: ಅತಿನಂಬಿಕೆ. ಋಣ ಸಂಖ್ಯೆ ಬಂದರೆ ಅಳುಕು.

ಇಷ್ಟಕ್ಕೇ ನಿಲ್ಲಿಸಬೇಡಿ, ಇಲ್ಲೊಂದು ಬಲೆಯಿದೆ. ಇಬ್ಬರು ವಿದ್ಯಾರ್ಥಿಗಳು, ಇಬ್ಬರಿಗೂ ಐದು ಸರಿ. ಒಬ್ಬಳು ಸರಿ ಮಾಡಿದ ಐದಕ್ಕೆ 100, ತಪ್ಪಿದ ಐದಕ್ಕೆ 0 ಬರೆದಿದ್ದಳು. ಇನ್ನೊಬ್ಬ ಹತ್ತಕ್ಕೂ 50 ಬರೆದಿದ್ದ. ಇಬ್ಬರ ಅಂತರವೂ ಸೊನ್ನೆ! ಒಬ್ಬಳಿಗೆ ತನಗೇನು ಗೊತ್ತು, ಏನು ಗೊತ್ತಿಲ್ಲ ಎಂಬುದು ಅಂಗೈ ಗೆರೆಯಷ್ಟು ಸ್ಪಷ್ಟ. ಇನ್ನೊಬ್ಬ ಗೋಡೆಯ ಮೇಲೆ ಕೂತಿದ್ದಾನೆ. ಅದಕ್ಕೆ ಪ್ರತಿ ಲೆಕ್ಕದಲ್ಲೂ ಅಂತರ ತೆಗೆದು, ಕೂಡು-ಕಳೆ ಚಿಹ್ನೆ ಬಿಟ್ಟು ಸರಾಸರಿ ಮಾಡಿ. ಅವಳಿಗೆ 0, ಅವನಿಗೆ 50. ಈ ಎರಡನೆಯ ಸಂಖ್ಯೆ ಇಲ್ಲದ ಹಾಳೆಗೆ ನಾವು ಅರ್ಧ ಅಂಕವನ್ನೂ ಕೊಡುವುದಿಲ್ಲ.

ಎಂಟು ವರ್ಷದ ಆಸುಪಾಸಿನ ಮಕ್ಕಳಿಗೆ 100ರ ಅಳತೆ ಕೊಡುವುದಾದರೆ ಒಬ್ಬೊಬ್ಬರನ್ನೇ ಕೂರಿಸಿ, ಅಭ್ಯಾಸ ಮಾಡಿಸಿ, ಕಾರ್ಡು ತೋರಿಸುತ್ತ ಕೇಳಬೇಕು. ಇಡೀ ತರಗತಿಗೆ ಒಟ್ಟಿಗೆ ಕೊಡುವುದಾದರೆ ಮೂರು ಅಥವಾ ನಾಲ್ಕು ಆಯ್ಕೆ ಸಾಕು. ನಗುಮುಖ, ಅಳುಮುಖದ ಚಿತ್ರಗಳನ್ನು ಹಾಕುವ ರೂಢಿಯಿದೆ. ಮಕ್ಕಳು ಅದನ್ನು ‘ಇಷ್ಟವೋ ಇಲ್ಲವೋ’ ಎಂದು ಓದಿಕೊಳ್ಳುವುದರಿಂದ ತುಂಬಿದ ಲೋಟ, ಖಾಲಿ ಲೋಟದ ಚಿತ್ರ ವಾಸಿ.

ಐದನೆಯ ಹಾಳೆ ಯಾಕೆ ಬೇಕು

ಇಲ್ಲಿಯವರೆಗಿನ ನಾಲ್ಕೂ ನಂಬಿಕೆ ಎಷ್ಟಿದೆ ಎನ್ನುತ್ತವೆ. ಎಲ್ಲಿಂದ ಬಂತು ಎಂದು ಕೇಳುವುದು ಎಲೆನ್ ಅಶರ್ ಮತ್ತು ಪಜಾರೆಸ್ 2009ರಲ್ಲಿ ಮಾಧ್ಯಮಿಕ ಹಂತಕ್ಕೆ ರೂಪಿಸಿದ ಮೂಲಗಳ ಮಾಪಕ. 24 ಹೇಳಿಕೆ, ಬಂಡೂರಾ ಹೇಳಿದ ನಾಲ್ಕು ಮೂಲಗಳಿಗೆ ಆರಾರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡಿದ್ದು, ಬೇರೆಯವರು ಹೇಳಿದ ಮಾತು, ಮತ್ತು ಮೈಮನಸ್ಸಿನ ಸ್ಥಿತಿ ಅಂದರೆ ಬೆವರು, ಎದೆಬಡಿತ, ಗಲಿಬಿಲಿ. ನಾಲ್ಕರಲ್ಲಿ ಮೊದಲನೆಯದು ಎಲ್ಲಕ್ಕಿಂತ ಗಟ್ಟಿ ಎನ್ನುವುದು ಅಧ್ಯಯನದಿಂದ ಅಧ್ಯಯನಕ್ಕೆ ಕಂಡುಬಂದಿದೆ. ಹಾಳೆಯನ್ನು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು, ಒಟ್ಟು ಮೊತ್ತ ಕೂಡಬಾರದು, ನಾಲ್ಕು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೆಚ್ಚುಗೆಯ ಮಾತು ಧಾರಾಳವಾಗಿ ಸಿಕ್ಕಿದ್ದು ಗೆದ್ದ ಅನುಭವ ಕಡಿಮೆಯಿರುವ ಮಗು ಕಂಡರೆ, ಆ ಮಗುವಿಗೆ ಇನ್ನೊಂದು ‘ಶಭಾಷ್’ ಬೇಕಿಲ್ಲ, ಅದರ ಕೈಲಾಗುವ ಲೆಕ್ಕ ಬೇಕು. ಎದೆಬಡಿತದ ಸಾಲು ಎತ್ತರವಿದ್ದರೆ ಮೊದಲು ಸಮಯದ ಮಿತಿಯನ್ನು ತೆಗೆದುಹಾಕಿ ನೋಡಿ. ಲೆಕ್ಕ ಮಾಡುತ್ತಿರುವಾಗ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪಿನ ಜಾಗವನ್ನು ಆತಂಕ ಆಕ್ರಮಿಸುತ್ತದೆ. ದಶಕ ಹಿಡಿದು ಕೂಡುವಾಗ ಕೈಯಲ್ಲಿಟ್ಟುಕೊಂಡ ಅಂಕಿಯೇ ಮರೆತುಹೋಗುವುದು ಅದರಿಂದ.

ಯಾವ ಹಾಳೆಯನ್ನೇ ಬಳಸಿ, ಅದನ್ನು ತಪ್ಪಾಗಿ ಓದುವ ದಾರಿಗಳು ಸಾಕಷ್ಟಿವೆ. ಮೊದಲನೆಯದು, ನಂಬಿಕೆ ಹೆಚ್ಚಿಸಿದರೆ ಅಂಕ ತಾನಾಗಿ ಬರುತ್ತದೆ ಎನ್ನುವುದು. ಎರಡೂ ಒಟ್ಟಿಗೆ ಏರುವುದು ನಿಜ. ಆದರೆ ಒಂದೇ ವಿದ್ಯಾರ್ಥಿಗಳನ್ನು ಎರಡು ಕಾಲಘಟ್ಟಗಳಲ್ಲಿ ಅಳೆದ ಅಧ್ಯಯನಗಳನ್ನು 2018ರಲ್ಲಿ ತಾಲ್ಸ್ಮಾ ಮತ್ತು ಸಂಗಡಿಗರು ಒಟ್ಟುಗೂಡಿಸಿದಾಗ ಕಂಡದ್ದು ಬೇರೆ: ಹಿಂದಿನ ಸಾಧನೆ ಮುಂದಿನ ನಂಬಿಕೆಯ ಮೇಲೆ ಬೀರುವ ಪ್ರಭಾವ ಸುಮಾರು 0.2, ಹಿಂದಿನ ನಂಬಿಕೆ ಮುಂದಿನ ಸಾಧನೆಯ ಮೇಲೆ ಬೀರುವುದು ಸುಮಾರು 0.07. ಎರಡೂ ದಿಕ್ಕಿನಲ್ಲಿ ನೀರು ಹರಿಯುತ್ತದೆ, ಒಂದು ಕಾಲುವೆ, ಇನ್ನೊಂದು ಬರೀ ತೂಬು. ಲೆಕ್ಕ ಕಲಿಸದೆ ಎರಡು ದಿನದ ಶಿಬಿರದಲ್ಲಿ ಹುರುಪು ತುಂಬುವ ಕಾರ್ಯಕ್ರಮಗಳ ಕೊನೆಯಲ್ಲಿ ಮಕ್ಕಳ ಗುರುತು ಎರಡು ಮೆಟ್ಟಿಲು ಏರಿರುತ್ತದೆ. ಮುಂದಿನ ಕಿರುಪರೀಕ್ಷೆಯಲ್ಲಿ ಲೆಕ್ಕ ಕೈಕೊಟ್ಟ ಕೂಡಲೇ ಅದು ಹಾಗೇ ಇಳಿದುಬಿಡುತ್ತದೆ.

ಎರಡನೆಯದು ಶಾಲೆ ಶಾಲೆಗಳ ಹೋಲಿಕೆ. ಹರ್ಬರ್ಟ್ ಮಾರ್ಷ್ 1987ರಲ್ಲಿ ವಿವರಿಸಿದ ‘ಸಣ್ಣ ಕೊಳದ ದೊಡ್ಡ ಮೀನು’ ಪರಿಣಾಮ ನೆನಪಿರಲಿ: ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಜಾಣರೇ ತುಂಬಿದ ಶಾಲೆಗೆ ಹೋದವನ ಸ್ವಪರಿಕಲ್ಪನೆ ಕೆಳಗಿರುತ್ತದೆ. ಟಿಮ್ಸ್ ಎಂಬ ಅಂತರರಾಷ್ಟ್ರೀಯ ಗಣಿತ-ವಿಜ್ಞಾನ ಪರೀಕ್ಷೆಯಲ್ಲಿ ದೇಶದೊಳಗೆ ನೋಡಿದರೆ ವಿಶ್ವಾಸವಿರುವವರಿಗೆ ಹೆಚ್ಚು ಅಂಕ. ದೇಶ ದೇಶಗಳನ್ನು ಹೋಲಿಸಿದರೆ ಪಟ್ಟಿಯ ತುದಿಯಲ್ಲಿರುವ ಪೂರ್ವ ಏಷ್ಯಾದ ವಿದ್ಯಾರ್ಥಿಗಳೇ ತಮ್ಮ ಬಗ್ಗೆ ಕಡಿಮೆ ವಿಶ್ವಾಸ ಹೇಳಿಕೊಳ್ಳುತ್ತಾರೆ. ಹಾಗಾಗಿ ‘ನಮ್ಮ ಶಾಲೆಯ ವಿಶ್ವಾಸ ಸೂಚ್ಯಂಕ 82’ ಎಂಬ ಜಾಹೀರಾತಿಗೆ ಬೆಲೆಯಿಲ್ಲ.

ಮೂರನೆಯದು, ಪಾಠದ ನಂತರ ಗುರುತು ಇಳಿದರೆ ಗಾಬರಿಯಾಗುವುದು. ಭಿನ್ನರಾಶಿಯ ಭಾಗಾಕಾರ ಕಲಿಯುವ ಮೊದಲು 80 ಬರೆದವನು, ಒಂದು ವಾರ ಕಲಿತ ಮೇಲೆ 60 ಬರೆಯಬಹುದು. ಮೊದಲು ಅವನಿಗೆ ಆ ಲೆಕ್ಕದಲ್ಲಿ ಏನೇನಿದೆ ಎಂಬುದೇ ಗೊತ್ತಿರಲಿಲ್ಲ. ಅದೇ ವೇಳೆ ಸರಿ ಉತ್ತರಗಳು ಹೆಚ್ಚಾಗಿ ಅಂತರ ಕುಗ್ಗಿದ್ದರೆ ಪಾಠ ಹಿಡಿದಿದೆ.

ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಎಂಬುದಕ್ಕೆ ತರಗತಿಯನ್ನು ನಾಲ್ಕು ಮೂಲೆಗೆ ಹಂಚಿಕೊಂಡರೆ ಸಾಕು. ನಂಬಿಕೆಯೂ ಉತ್ತರವೂ ಮೇಲಿರುವವರನ್ನು ಅವರ ಪಾಡಿಗೆ ಬಿಡಿ. ನಂಬಿಕೆ ಮೇಲೆ, ಉತ್ತರ ಕೆಳಗೆ ಇರುವವರಿಗೆ ಬೈಗುಳದಿಂದ ಪ್ರಯೋಜನವಿಲ್ಲ, ತಾಳೆ ನೋಡುವ ಅಭ್ಯಾಸ ಬೇಕು: ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡು, 30 ಶೇಕಡಾ ಕಳೆದ ಬೆಲೆಗೆ ಮತ್ತೆ 30 ಶೇಕಡಾ ಕೂಡಿದರೆ ಮೂಲ ಬೆಲೆ ಬರುತ್ತದೆಯೇ ನೋಡು. ಬರುವುದಿಲ್ಲ, 100 ಇದ್ದದ್ದು 91ಕ್ಕೆ ನಿಲ್ಲುತ್ತದೆ. ಆ ಒಂಬತ್ತರ ಕೊರತೆ ಹತ್ತು ಬುದ್ಧಿಮಾತಿಗೆ ಸಮ. ನಂಬಿಕೆ ಕೆಳಗೆ, ಉತ್ತರ ಮೇಲೆ ಇರುವವರು ಸದ್ದಿಲ್ಲದೆ ಕೂತಿರುತ್ತಾರೆ, ಅಂಕಪಟ್ಟಿಯಲ್ಲಿ ಇವರ ಸಮಸ್ಯೆ ಕಾಣಿಸುವುದೇ ಇಲ್ಲ. ಮುಂದೆ ಗಣಿತವನ್ನು ಬಿಟ್ಟುಹೋಗುವ ಸಾಧ್ಯತೆ ಇರುವುದು ಇವರಲ್ಲೇ. ಅವರ ಹಾಳೆಯ ಎರಡು ಸಾಲುಗಳನ್ನು, ಬರೆದ 40 ಮತ್ತು ಬಂದ 100, ಪಕ್ಕಪಕ್ಕ ಇಟ್ಟು ತೋರಿಸುವುದು ಯಾವ ಹೊಗಳಿಕೆಗಿಂತಲೂ ಹೆಚ್ಚು ನಾಟುತ್ತದೆ.

ಎರಡೂ ಕೆಳಗಿರುವವರಿಗೆ ದಾರಿ ತೋರಿಸಿದ್ದು 1981ರಲ್ಲಿ ಬಂಡೂರಾ ಮತ್ತು ಡೇಲ್ ಶುಂಕ್ ನಡೆಸಿದ ಪ್ರಯೋಗ. ವ್ಯವಕಲನದಲ್ಲಿ ತೀರಾ ಹಿಂದುಳಿದಿದ್ದ ಮಕ್ಕಳಿಗೆ 42 ಪುಟಗಳ ಸ್ವಕಲಿಕೆಯ ಸಾಮಗ್ರಿ, ಏಳು ಅವಧಿ. ಒಂದು ಗುಂಪಿಗೆ ಅವಧಿಗೆ ಕನಿಷ್ಠ ಆರು ಪುಟ ಎಂದು ಹತ್ತಿರದ ಗುರಿ. ಇನ್ನೊಂದಕ್ಕೆ ಏಳು ಅವಧಿಯ ಕೊನೆಗೆ 42 ಮುಗಿಸು ಎಂಬ ದೂರದ ಗುರಿ. ಕೆಲಸ ಒಂದೇ, ಪುಟಗಳೂ ಅವೇ. ನಂಬಿಕೆಯಲ್ಲೂ ಲೆಕ್ಕದಲ್ಲೂ ಮುಂದೆ ಹೋದದ್ದು ಆರು ಪುಟದವರು; ದೂರದ ಗುರಿಯಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಇದನ್ನು ಅನುಸರಿಸುವಾಗ ಸಾಮಾನ್ಯವಾಗಿ ಆಗುವ ಎಡವಟ್ಟು, ಗುರಿಯನ್ನು ಹತ್ತಿರ ತರುವ ಬದಲು ಲೆಕ್ಕವನ್ನೇ ಸುಲಭ ಮಾಡಿಬಿಡುವುದು. ಅಂಗೈಯಲ್ಲಿಟ್ಟ ಲೆಕ್ಕವನ್ನು ಗೆದ್ದರೆ ಅದು ಗೆಲುವಲ್ಲ ಎಂದು ಮಕ್ಕಳಿಗೂ ಗೊತ್ತು.

ಮರುಅಳತೆ ಆರು ವಾರಕ್ಕಿಂತ ಮೊದಲು ಬೇಡ, ಪರೀಕ್ಷೆಯ ಅಂಕ ಕೈಗೆ ಕೊಟ್ಟ ವಾರದಲ್ಲಂತೂ ಬೇಡವೇ ಬೇಡ. ಲೆಕ್ಕಗಳು ಅದೇ ಬಗೆಯವಾಗಿರಲಿ, ಅಂಕಿಗಳು ಬದಲಾಗಲಿ. ಇಲ್ಲಿ ಕೈತಪ್ಪುವುದು ಸುಲಭ: 30 ಶೇಕಡಾವನ್ನು 40 ಮಾಡಿದರೆ ಲೆಕ್ಕ ಅದೇ, 10 ಮಾಡಿದರೆ ಬಾಯಿಲೆಕ್ಕವಾಗುತ್ತದೆ, 35 ಮಾಡಿದರೆ ಒಂದು ಹಂತ ಹೆಚ್ಚುತ್ತದೆ. 1:10,000 ಅಳತೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ 100 ಮೀಟರ್. ಅದನ್ನು 1:25,000 ಮಾಡಿದರೆ 250 ಮೀಟರ್ ಆಗಿ ಗುಣಾಕಾರ ಸೇರಿಕೊಳ್ಳುತ್ತದೆ, 1:1,00,000 ಮಾಡಿದರೆ ಒಂದು ಕಿಲೋಮೀಟರ್ ಆಗಿ ಮೊದಲಿಗಿಂತ ಹಗುರ. 3ಎಕ್ಸ್ + 5 = 17ಕ್ಕೆ ಜೋಡಿಯಾಗಿ 4ಎಕ್ಸ್ + 3 = 23 ಸರಿಹೋಗುತ್ತದೆ; 4ಎಕ್ಸ್ + 3 = 17 ಎಂದು ಕೊಟ್ಟರೆ ಉತ್ತರ ಮೂರೂವರೆ ಬಂದು, ಸರಿಯಾಗಿ ಬಿಡಿಸಿದವರೇ ಅನುಮಾನಪಟ್ಟು ಹೊಡೆದುಹಾಕುತ್ತಾರೆ.